ತೆರಿಗೆ ಬದಲಾವಣೆ: ಪ್ಲಂಬಿಂಗ್ ಮತ್ತು ವಾಟರ್ ಹೀಟರ್ ಉದ್ಯಮಕ್ಕೆ ಹೊರೆ ಎಲ್ಲಿ?

ತೆರಿಗೆ ಬದಲಾವಣೆಯ ಪ್ರಕಟಣೆ ಹೊರಬಿದ್ದಾಗಲೆಲ್ಲ ಮೊದಲು ಚರ್ಚೆಗೆ ಬರುವುದು ದರ. ದರ ಇಳಿದರೆ ಲಾಭ, ಏರಿದರೆ ನಷ್ಟ ಎಂಬುದು ಸಾಮಾನ್ಯ ತಿಳಿವಳಿಕೆ. ಪ್ಲಂಬಿಂಗ್ ಗುತ್ತಿಗೆದಾರರು ಹಾಗೂ ಸೋಲಾರ್ ವಾಟರ್ ಹೀಟರ್ ತಯಾರಕರ ಮಟ್ಟಿಗೆ ಈ ಲೆಕ್ಕ ಅಷ್ಟು ಸರಳವಲ್ಲ. ಸಾಮಗ್ರಿ ಮತ್ತು ಕೂಲಿ ಒಂದೇ ಬಿಲ್ಲಿನಲ್ಲಿ ಸೇರುವುದೇ, ಕೊಂಡಾಗ ತೆತ್ತ ತೆರಿಗೆ ಎಷ್ಟು ಬೇಗ ಕೈಗೆ ಮರಳುವುದು ಎಂಬ ಎರಡು ಪ್ರಶ್ನೆಗಳೇ ಇಲ್ಲಿ ದರಕ್ಕಿಂತ ಮುಖ್ಯವಾಗಿವೆ.

ಎರಡು ದಶಕಗಳ ಹಾದಿ

ರಾಜ್ಯದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದದ್ದು 2005ರ ಏಪ್ರಿಲ್ 1ರಂದು. 2007ರ ಜೂನ್ 1ರಿಂದ ಕಾಮಗಾರಿ ಗುತ್ತಿಗೆಗಳ ಮೇಲೆ ಕೇಂದ್ರದ ಸೇವಾ ತೆರಿಗೆಯೂ ಸೇರಿತು. ಒಂದೇ ಕೆಲಸಕ್ಕೆ ಎರಡು ಇಲಾಖೆಗಳು, ಎರಡು ಲೆಕ್ಕಗಳು. 2017ರ ಜುಲೈ 1ರಂದು ಬಂದ ಸರಕು ಮತ್ತು ಸೇವಾ ತೆರಿಗೆಯು ಇವೆರಡನ್ನೂ ಒಂದುಗೂಡಿಸಿತು.

ಆ ಬಳಿಕವೂ ದರಗಳು ಸ್ಥಿರವಾಗಿ ನಿಲ್ಲಲಿಲ್ಲ. ಪಿಂಗಾಣಿಯ ಸ್ಯಾನಿಟರಿ ಸಾಮಗ್ರಿಗಳ ತೆರಿಗೆ 2017ರ ನವೆಂಬರಿನಲ್ಲಿ, ವಿದ್ಯುತ್ ಗೀಸರುಗಳ ತೆರಿಗೆ 2018ರ ಜುಲೈಯಲ್ಲಿ ಶೇ. 28ರಿಂದ 18ಕ್ಕೆ ಇಳಿದವು. 2022ರ ಜುಲೈ 18ರಂದು ನೀರೆತ್ತುವ ಪಂಪುಗಳ ತೆರಿಗೆ ಶೇ. 12ರಿಂದ 18ಕ್ಕೂ, ಸೋಲಾರ್ ವಾಟರ್ ಹೀಟರುಗಳದು ಶೇ. 5ರಿಂದ 12ಕ್ಕೂ ಏರಿದವು. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಹೀಟರ್ ಮತ್ತೆ ಶೇ. 5ಕ್ಕೆ ಮರಳಿತು.

ಗುತ್ತಿಗೆದಾರನ ಲೆಕ್ಕ

ಪೈಪು, ನಲ್ಲಿ, ಫಿಟ್ಟಿಂಗುಗಳನ್ನು ತಾನೇ ತಂದು ಕಟ್ಟಡಕ್ಕೆ ಅಳವಡಿಸಿಕೊಡುವ ಗುತ್ತಿಗೆಯನ್ನು ಕಾನೂನು ಕಾಮಗಾರಿ ಗುತ್ತಿಗೆ ಎಂದು, ಅಂದರೆ ಸೇವೆ ಎಂದು ಪರಿಗಣಿಸುತ್ತದೆ. ಸೇವೆಗೆ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂ. ವಹಿವಾಟು. ಕೇವಲ ಸರಕು ಮಾರುವವರಿಗೆ 2019ರ ಏಪ್ರಿಲ್ 1ರಿಂದ ದೊರೆತ 40 ಲಕ್ಷದ ಮಿತಿ ಇಲ್ಲಿ ಅನ್ವಯಿಸದು. ಅಂಗಡಿಯ ಜೊತೆಗೆ ಫಿಟ್ಟಿಂಗ್ ಕೆಲಸವನ್ನೂ ವಹಿಸಿಕೊಳ್ಳುವ ಹಾರ್ಡ್‌ವೇರ್ ವರ್ತಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಉದಾಹರಣೆಗೆ, ಒಂದು ಮನೆಯ ಕೆಲಸಕ್ಕೆ 3 ಲಕ್ಷ ರೂ. ಸಾಮಗ್ರಿ ಮತ್ತು 1 ಲಕ್ಷ ರೂ. ಕೂಲಿ ಎಂದಿಟ್ಟುಕೊಳ್ಳೋಣ. ಸಾಮಗ್ರಿಯ ಮೇಲೆ ಶೇ. 18ರಂತೆ 54,000 ರೂ. ತೆರಿಗೆ. ಸಾಮಗ್ರಿ ಸಹಿತ ಗುತ್ತಿಗೆಯಾದರೆ ಈ ತೆರಿಗೆಯೂ ಸೇರಿ ಐದನೆಯ ಮನೆಗೇ ವಹಿವಾಟು 20 ಲಕ್ಷ ದಾಟುತ್ತದೆ; ಆಗ ನೋಂದಣಿ ಅನಿವಾರ್ಯ. ಮನೆಯೊಡೆಯರೇ ಸಾಮಗ್ರಿ ಕೊಂಡು ಕೂಲಿಯನ್ನಷ್ಟೇ ಕೊಡುವುದಾದರೆ ಅದೇ ಮಿತಿಯೊಳಗೆ ಇಪ್ಪತ್ತು ಮನೆಗಳ ಕೆಲಸ ಸಾಧ್ಯ. ದುಡಿಮೆ ಒಂದೇ, ಬಿಲ್ಲಿನ ರೂಪ ಮಾತ್ರ ಬೇರೆ.

ನೋಂದಣಿಯಾದ ಮೇಲೆ ಎರಡು ದಾರಿಗಳಿವೆ. ಸಾಮಾನ್ಯ ಪದ್ಧತಿಯಲ್ಲಿ 4 ಲಕ್ಷದ ಮೇಲೆ ಶೇ. 18ರಂತೆ 72,000 ರೂ. ಸೇರಿ ಮನೆಯೊಡೆಯರಿಗೆ ಒಟ್ಟು 4.72 ಲಕ್ಷ ಬೀಳುತ್ತದೆ. ಗುತ್ತಿಗೆದಾರನು 54,000 ರೂ. ಹೂಡುವಳಿ ತೆರಿಗೆ ಜಮೆಯನ್ನು, ಅಂದರೆ ಇನ್‌ಪುಟ್ ಕ್ರೆಡಿಟ್ಟನ್ನು ಕಳೆದು 18,000 ರೂ. ಪಾವತಿಸಿದರೆ ಸಾಕು.

ಎರಡನೆಯದು ರಾಜಿ ತೆರಿಗೆ ಪದ್ಧತಿ. 50 ಲಕ್ಷದವರೆಗಿನ ಸೇವಾ ವಹಿವಾಟಿಗೆ ಶೇ. 6ರ ಈ ದರ ಮೇಲುನೋಟಕ್ಕೆ ಆಕರ್ಷಕ. ಆದರೆ ಇಲ್ಲಿ ಇನ್‌ಪುಟ್ ಕ್ರೆಡಿಟ್ ಇಲ್ಲ; ಬಿಲ್ಲಿನಲ್ಲಿ ತೆರಿಗೆ ವಸೂಲು ಮಾಡುವಂತೆಯೂ ಇಲ್ಲ. ಸಾಮಗ್ರಿ ಸಹಿತ ಗುತ್ತಿಗೆಯಲ್ಲಿ ಕೂಲಿಯ 1 ಲಕ್ಷ ಪೂರ್ತಿ ಉಳಿಯಬೇಕಾದರೆ ಸುಮಾರು 4.83 ಲಕ್ಷ ಕೇಳಬೇಕಾಗುತ್ತದೆ. ಇದು ಶೇ. 18ರ ಪದ್ಧತಿಗಿಂತಲೂ ದುಬಾರಿ. ಕೂಲಿ ಗುತ್ತಿಗೆಯಲ್ಲಾದರೆ ಅದೇ 1 ಲಕ್ಷಕ್ಕೆ 1.18 ಲಕ್ಷದ ಬದಲು ಸುಮಾರು 1.06 ಲಕ್ಷದ ಬಿಲ್ಲು ಸಾಕು. ರಾಜಿ ತೆರಿಗೆ ಕೂಲಿ ಪ್ರಧಾನವಾದ ಕೆಲಸಕ್ಕೆ ಅನುಕೂಲ, ಸಾಮಗ್ರಿ ಪ್ರಧಾನವಾದ ಕೆಲಸಕ್ಕೆ ಪ್ರತಿಕೂಲ.

ಹಾಗೆಂದು ಕೂಲಿ ಗುತ್ತಿಗೆ ಎಲ್ಲರಿಗೂ ಹಿತವೆನ್ನಲಾಗದು. ಸಾಮಗ್ರಿಯ ಮೇಲಿನ ಲಾಭಾಂಶ ಕೈತಪ್ಪುತ್ತದೆ. ಮನೆಯೊಡೆಯರು ತಂದ ಅಗ್ಗದ ಪೈಪು ಒಡೆದರೂ ದೂರು ಬರುವುದು ಗುತ್ತಿಗೆದಾರನ ಮೇಲೆಯೇ.

ಹಣ ಬಂದ ದಾರಿ

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಪಾವತಿಗಳ ಮಾಹಿತಿಯನ್ನಾಧರಿಸಿ ನೋಂದಣಿಯಿಲ್ಲದ ವರ್ತಕರಿಗೆ ನೋಟಿಸು ನೀಡಿದ್ದು ಎಲ್ಲರಿಗೂ ತಿಳಿದ ಸಂಗತಿ. ಸಾಮಗ್ರಿಗೆಂದು ಗ್ರಾಹಕರು ಕೊಡುವ ಮುಂಗಡ ಗುತ್ತಿಗೆದಾರನ ಖಾತೆಗೆ ಬಂದರೆ ಅದೂ ಆತನ ವಹಿವಾಟಿನಂತೆಯೇ ಕಾಣುತ್ತದೆ. ಕೂಲಿ ಗುತ್ತಿಗೆ ಮಾಡುವವರು ಸಾಮಗ್ರಿಯ ಬಿಲ್ಲನ್ನು ಗ್ರಾಹಕರ ಹೆಸರಿನಲ್ಲೇ ಮಾಡಿಸಿ, ಹಣವನ್ನು ಗ್ರಾಹಕರಿಂದ ನೇರವಾಗಿ ಅಂಗಡಿಗೆ ಸಂದಾಯ ಮಾಡಿಸುವುದು ಕ್ಷೇಮಕರ.

ನೋಂದಾಯಿತರು ಅಂಗಡಿಯ ಆಯ್ಕೆಯಲ್ಲಿಯೂ ಎಚ್ಚರ ವಹಿಸಬೇಕು. 2022ರ ಜನವರಿ 1ರಿಂದ ಮಾರಿದವರು ತಮ್ಮ ಬಿಲ್ಲಿನ ವಿವರ ಸಲ್ಲಿಸಿ, ಅದು ಕೊಂಡವರ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಂಡರೆ ಮಾತ್ರ ಕ್ರೆಡಿಟ್ ದೊರೆಯುತ್ತದೆ.

ದರ ಇಳಿದರೂ ತಯಾರಕರಿಗೆ ಬಿಕ್ಕಟ್ಟು

ಸೋಲಾರ್ ಹೀಟರ್ ತಯಾರಕರದು ಬೇರೆಯದೇ ಸಮಸ್ಯೆ. ಘಟಕವೊಂದು 18,000 ರೂ. ಕಚ್ಚಾ ಸಾಮಗ್ರಿಯನ್ನು ಶೇ. 18ರ ತೆರಿಗೆ ತೆತ್ತು ಕೊಂಡು, ಹೀಟರನ್ನು 25,000 ರೂ.ಗೆ ಮಾರುತ್ತದೆ ಎಂದುಕೊಳ್ಳೋಣ. ಕೊಳ್ಳುವಾಗ ತೆತ್ತ ತೆರಿಗೆ 3,240 ರೂ. ಮಾರಾಟ ತೆರಿಗೆ ಶೇ. 12 ಇದ್ದಾಗ 3,000 ರೂ. ಹೊಂದಾಣಿಕೆಯಾಗಿ ಉಳಿಯುತ್ತಿದ್ದುದು 240 ರೂ. ಮಾತ್ರ. ಶೇ. 5ರಲ್ಲಿ ಹೊಂದಾಣಿಕೆಯಾಗುವುದು 1,250 ರೂ.; ಉಳಿಯುವುದು 1,990 ರೂ. ಗ್ರಾಹಕರಿಗೆ 1,750 ರೂ. ಉಳಿತಾಯವಾಯಿತು. ಆದರೆ ತಿಂಗಳಿಗೆ 50 ಹೀಟರ್ ಮಾರುವ ಘಟಕದ ಸುಮಾರು 1 ಲಕ್ಷ ರೂ. ದುಡಿಯುವ ಬಂಡವಾಳ ಪ್ರತಿ ತಿಂಗಳೂ ಖಜಾನೆಯಲ್ಲಿ ನಿಲ್ಲುತ್ತದೆ.

ಇಂತಹ ಕ್ರೆಡಿಟ್ಟಿಗೆ ಮರುಪಾವತಿ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. 2025ರ ಅಕ್ಟೋಬರಿನಿಂದ ಅರ್ಹ ಅರ್ಜಿಗಳಿಗೆ ಶೇ. 90ರಷ್ಟನ್ನು ತಾತ್ಕಾಲಿಕವಾಗಿ ಬಿಡುಗಡೆ ಮಾಡುವ ವ್ಯವಸ್ಥೆಯೂ ಬಂದಿದೆ. ಆದರೆ ಯಂತ್ರೋಪಕರಣ, ಬಾಡಿಗೆ, ಸಾಗಣೆಗಳ ಮೇಲಿನ ತೆರಿಗೆ ಈ ಮರುಪಾವತಿಗೆ ಒಳಪಡದು. ಶೇ. 12ರಲ್ಲಿ ಕೊಂಡ ಹೀಟರನ್ನು ಶೇ. 5ರಲ್ಲಿ ಮಾರಿದ ಅಂಗಡಿಯವರಿಗಂತೂ ಮರುಪಾವತಿಯೇ ಇಲ್ಲ. ಉಳಿದ ಕ್ರೆಡಿಟ್ಟನ್ನು ಮುಂದಿನ ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುತ್ತ ಹೋಗಬೇಕು.

ಆಗಬೇಕಾದುದು

ಕೊಟೇಶನ್ ಕೊಡುವ ಮುನ್ನ ಕೂಲಿ ಗುತ್ತಿಗೆ, ರಾಜಿ ತೆರಿಗೆ, ಸಾಮಾನ್ಯ ಪದ್ಧತಿ ಈ ಮೂರರ ಲೆಕ್ಕವನ್ನೂ ಹಾಕಿ ನೋಡುವುದು, ಕೆಲಸದ ನಡುವೆ ದರ ಬದಲಾದರೆ ವ್ಯತ್ಯಾಸ ಯಾರಿಗೆ ಸೇರಬೇಕೆಂದು ಕರಾರಿನಲ್ಲಿ ಬರೆದುಕೊಳ್ಳುವುದು, ಮರುಪಾವತಿಯ ಅರ್ಜಿಯನ್ನು ವರ್ಷದ ಕೊನೆಗೆ ಮುಂದೂಡದೆ ಆಗಿಂದಾಗ್ಗೆ ಸಲ್ಲಿಸುವುದು ಉದ್ಯಮಿಗಳ ಕೈಯಲ್ಲಿರುವ ಕ್ರಮಗಳು. ಇನ್ನೊಂದು ಸರ್ಕಾರದ ಕೈಯಲ್ಲಿದೆ. ಸರಕಿನ ಮಿತಿ 2019ರಲ್ಲಿ ಇಮ್ಮಡಿಯಾದರೂ ಸೇವೆಯದು 2017ರಲ್ಲಿದ್ದ 20 ಲಕ್ಷದಲ್ಲೇ ನಿಂತಿದೆ. ಬಿಲ್ಲಿನ ಮುಕ್ಕಾಲು ಪಾಲು ಪೈಪು, ನಲ್ಲಿಗಳ ಬೆಲೆಯೇ ಆಗಿರುವ ಗುತ್ತಿಗೆದಾರನನ್ನು ಸೇವೆಯ ಮಿತಿಯಿಂದಲೇ ಅಳೆಯುವುದು ಎಷ್ಟು ಸರಿ ಎಂಬುದನ್ನು ಜಿಎಸ್‌ಟಿ ಮಂಡಳಿ ಪರಿಶೀಲಿಸಬೇಕಾಗಿದೆ.