ಸೊಂಟನೋವು: ಕತ್ತಿಯೋ, ಕಸರತ್ತೋ?

ಕೊಡವೆತ್ತುವಾಗ ಚಳುಕು ಹಿಡಿದ ಸೊಂಟವು ಕೆಲವೇ ವಾರಗಳಲ್ಲಿ ಸರಿಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಕೆಲವರಲ್ಲಿ ನೋವು ಮೂರು ತಿಂಗಳನ್ನೂ ಮೀರಿ, ವರ್ಷಗಟ್ಟಲೆ ಕಾಡುವುದುಂಟು. ಗುಳಿಗೆ, ಶಾಖ, ತೈಲಗಳಿಂದ ಬೇಸತ್ತ ಅಂತಹ ರೋಗಿಯು ‘ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿಕೊಳ್ಳಲೇ?’ ಎಂದು ಕೇಳುವುದು ಸಹಜ. ಇದಕ್ಕೆ ವಿಜ್ಞಾನವು ಉತ್ತರವನ್ನು ಹುಡುಕಿದ ಬಗೆಯನ್ನು ನೋಡೋಣ.

ನಮ್ಮ ಸೊಂಟದ ಭಾಗದಲ್ಲಿ ಐದು ಬೆನ್ನುಮಣಿಗಳಿವೆ. ಮಣಿಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಸವೆದ ಬಿಲ್ಲೆಯ ಮೇಲಣ ಮತ್ತು ಕೆಳಗಣ ಮಣಿಗಳನ್ನು ಅಲುಗದಂತೆ ಬೆಸೆದರೆ ನೋವು ತಗ್ಗೀತೆಂಬುದೇ ಈ ಶಸ್ತ್ರಚಿಕಿತ್ಸೆಯ ತತ್ತ್ವ.

ಸ್ವೀಡನ್ ದೇಶದಲ್ಲಿ 294 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶವು 2001ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ತರುವಾಯ, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇಕಡ 63 ಮಂದಿ ತಮಗೆ ಗುಣವಾಗಿದೆಯೆಂದರು. ಉಳಿದವರಲ್ಲಿ ಹಾಗೆಂದವರು ಶೇಕಡ 29 ಮಾತ್ರ. ಗೆಲುವು ಕತ್ತಿಯದೆಂದೇ ತೋರಿತು.

ಆದರೆ ವಿಜ್ಞಾನದ ವಿದ್ಯಾರ್ಥಿಯು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕು: ‘ಮೇಲೆಂದರೆ, ಯಾವುದಕ್ಕಿಂತ ಮೇಲು?’ ಉಳಿದವರಿಗೆ ದೊರೆತದ್ದು ಬಹುಮಟ್ಟಿಗೆ ವಾಡಿಕೆಯ ಚಿಕಿತ್ಸೆಯೇ. ಅಂತಹುದರಿಂದ ಅವರಿಗೆ ಹಿಂದೆಯೂ ಗುಣವಾಗಿರಲಿಲ್ಲ. ಬಡಕಲು ಎದುರಾಳಿಯನ್ನು ಸೋಲಿಸಿದವನನ್ನು ಜಗಜಟ್ಟಿಯೆನ್ನಬಹುದೇ?

2005ರಲ್ಲಿ ಬ್ರಿಟನ್ನಿನ ವೈದ್ಯರು ಸಮಬಲದ ಎದುರಾಳಿಯನ್ನು ಕಣಕ್ಕಿಳಿಸಿದ ಪರೀಕ್ಷೆಯನ್ನು ಪ್ರಕಟಿಸಿದರು. 349 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಗಿತ್ತು. ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಸುಮಾರು 75 ಗಂಟೆಗಳ ಕ್ರಮಬದ್ಧ ವ್ಯಾಯಾಮ, ಜೊತೆಗೆ ಅಲುಗಾಟದ ಭಯವನ್ನು ನೀಗಿಸುವ ಶಿಕ್ಷಣ. ನಡಿಗೆ, ನಿದ್ರೆ, ಭಾರ ಎತ್ತುವಿಕೆ ಮೊದಲಾದವುಗಳಲ್ಲಿನ ತೊಂದರೆಯನ್ನು ನೂರು ಅಂಕಗಳಿಗೆ ಅಳೆದರು. ಎರಡು ವರ್ಷಗಳಲ್ಲಿ ಅದು ಮೊದಲ ಗುಂಪಿನಲ್ಲಿ 46.5ರಿಂದ 34ಕ್ಕೂ, ಎರಡನೆಯದರಲ್ಲಿ 44.8ರಿಂದ 36.1ಕ್ಕೂ ಇಳಿಯಿತು. ಅಂತರವು ಅತ್ಯಲ್ಪ! ಶಸ್ತ್ರಚಿಕಿತ್ಸೆಯಾದವರಲ್ಲಿ 19 ಮಂದಿಗೆ ತೊಡಕುಗಳೂ ಉಂಟಾದವು.

ಹಾಗೆಂದು ವ್ಯಾಯಾಮವು ಸರ್ವರೋಗ ಪರಿಹಾರಕವೇನಲ್ಲ. ಆ ಗುಂಪಿನ 48 ಮಂದಿ ಎರಡು ವರ್ಷಗಳೊಳಗಾಗಿ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡರು. ಎರಡೂ ಗುಂಪುಗಳಲ್ಲಿ ನೋವು ಪೂರ್ತಿಯಾಗಿ ಅಳಿಯಲಿಲ್ಲವೆಂಬುದನ್ನೂ ಮರೆಯಬಾರದು. ಇನ್ನು, ಸೊಂಟನೋವಿನೊಡನೆ ಕಾಲು ಸೋಲುವುದು, ತೊಡೆಸಂದು ಮರಗಟ್ಟುವುದು, ಮೂತ್ರ ಕಟ್ಟುವುದು ಇವು ಕಂಡುಬಂದರೆ ಮಾತೇ ಬೇರೆ. ಆಗ ಒಂದು ದಿನವೂ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಇಂತಹ ಲಕ್ಷಣಗಳಿಲ್ಲದ ಬರಿಯ ನೋವಾದರೆ, ಮೊದಲು ಕಸರತ್ತನ್ನು ಶ್ರದ್ಧೆಯಿಂದ ಪರೀಕ್ಷಿಸುವುದು ಜಾಣತನ. ಫಲಿಸದಿದ್ದರೆ ಅದನ್ನು ಕೈಬಿಡಬಹುದು. ಆದರೆ ಬೆಸೆದ ಮಣಿಗಳಿಗೆ ಹಿಂದಿನ ಅಲುಗಾಟವನ್ನು ಮರಳಿ ಕೊಡಲಾಗದು.