ಕೆಸರು ಹೇಳುವ ಕಡಲ ಕಥೆ

ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ ಸಮುದ್ರವಿಲ್ಲ. ಕೆರೆಗೆ ಸಮುದ್ರವೆಂದು ಹೆಸರಿಡುವುದು ಕನ್ನಡನಾಡಿನ ಹಳೆಯ ವಾಡಿಕೆ. ಆದರೂ ಅಲ್ಲಿನ ಎರೆಹೊಲಗಳ ಭಾಗ್ಯಕ್ಕೆ ನಿಜವಾದ ಸಮುದ್ರವೊಂದು ಕಾರಣವಾಗಿದೆ. ಮುಂಗಾರಿನ ಗಾಳಿ ನೀರನ್ನು ಹೀರಿ ತರುವುದು ಅರಬ್ಬೀ ಸಮುದ್ರದಿಂದ. ಸಹ್ಯಾದ್ರಿಯಲ್ಲಿ ಸುರಿದು ಉಳಿದಷ್ಟೇ ಗದಗಿನ ಪಾಲು.

ಆ ಸಮುದ್ರವು ಎಂದೆಂದೂ ಹೀಗೆಯೇ ಇತ್ತೇ? ಇಲ್ಲ. ಸುಮಾರು 20,000 ವರ್ಷಗಳ ಹಿಂದೆ, ಕಳೆದ ಹಿಮಯುಗದ ಕಡುಚಳಿಯಲ್ಲಿ, ಅಪಾರ ಜಲರಾಶಿಯು ನೆಲದ ಮೇಲೆ ಹಿಮವಾಗಿ ನಿಂತು, ಕಡಲ ಮಟ್ಟವು ಸುಮಾರು 120 ಮೀಟರು ತಗ್ಗಿತ್ತು.

ಅಂದಿನ ಕಡಲಿಗೆ ಸಾಕ್ಷಿ ಯಾರು? ತಳದ ಕೆಸರು! ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಸುಣ್ಣದ ಚಿಪ್ಪುಗಳು ಅಲ್ಲಿ ಪದರ ಪದರವಾಗಿ ಕುಳಿತಿವೆ. ಬೆಚ್ಚನೆಯ ನೀರಿಗೊಂದು ಜಾತಿ, ತಣ್ಣನೆಯ ನೀರಿಗೊಂದು ಜಾತಿ. ಇವನ್ನೆಣಿಸಿ ಕ್ಲೈಮ್ಯಾಪ್ ಎಂಬ ವಿಜ್ಞಾನಿಗಳ ತಂಡವು 1976ರಲ್ಲಿ ಹಿಮಯುಗದ ಕಡಲ ಶಾಖದ ನಕ್ಷೆಯನ್ನು ಪ್ರಕಟಿಸಿತು.

ಮುಂಗಾರಿನ ಗಾಳಿ ಬಲವಾಗಿ ಬೀಸಿದರೆ ಅರೇಬಿಯದ ತೀರದಲ್ಲಿ ಆಳದ ತಣ್ಣೀರು ಮೇಲೇಳುವುದು. ಆ ನೀರನ್ನು ಮೆಚ್ಚುವ ಚಿಪ್ಪುಗಳು ಹಿಮಯುಗದ ಪದರದಲ್ಲಿ ವಿರಳ. ಎಂದರೆ, ಅಂದು ಮುಂಗಾರು ಸೊರಗಿತ್ತು. ನೀಲಗಿರಿ ಬೆಟ್ಟಗಳ ಜೌಗುಮಣ್ಣಿನ ಅಧ್ಯಯನವೂ 1993ರಲ್ಲಿ ಆ ಕಾಲದ ಒಣಹವೆಯನ್ನೇ ಸಾರಿತು.

ಕಳೆದುಹೋದ ಕಾಲದ ಲೆಕ್ಕವೇಕೆ? ಮುಂದಿನ ಕಾಲದ ಹವೆಯನ್ನು ಗಣಿಸುವ ಗಣಕಯಂತ್ರದ ಮಾದರಿಗಳಿಗೆ ಇದೇ ಒರೆಗಲ್ಲು. ಹಿಂದೆ ನಡೆದುದನ್ನೇ ಸರಿಯಾಗಿ ಚಿತ್ರಿಸಲಾರದ ಮಾದರಿಯು ಮುಂದಿನ ಮಳೆಗಾಲಗಳ ಬಗೆಗೆ ನುಡಿದರೆ ನಂಬುವುದೆಂತು? ಎರೆಹೊಲದ ರೈತನು ಮುಗಿಲನ್ನು ನೋಡುವನು. ವಿಜ್ಞಾನಿಯು ಕಡಲ ಕೆಸರನ್ನು ನೋಡುವನು. ಇಬ್ಬರೂ ಹುಡುಕುತ್ತಿರುವುದು ಮಳೆಯ ಸುಳಿವನ್ನೇ.