ಖಾರದ ಸೀಮೆಯಿಂದ ಉಪ್ಪಿನ ದಾರಿಗೆ

ಕಾಗಿನೆಲೆಯಲ್ಲಿ ಕನಕದಾಸರ ಗದ್ದುಗೆಗೆ ಕೈಮುಗಿದು, ಬ್ಯಾಡಗಿ ಹಾಯ್ದು ಹೆದ್ದಾರಿಗೆ ಬಂದರೆ ಮೋಟೆಬೆನ್ನೂರು. ಪುಣೆ–ಬೆಂಗಳೂರು ಓಡಾಡುವ ವಾಹನಗಳು ಊರಿನ ಹೆಸರು ಓದುವಷ್ಟೂ ನಿಧಾನಿಸುವುದಿಲ್ಲ. ಇಲ್ಲಿ ಒಮ್ಮೆಯಾದರೂ ಇಳಿಯಬೇಕು. ಮಾರ್ತಂಡಪ್ಪ–ಬಸಮ್ಮ ದಂಪತಿಯ ಮಗ, ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ 1911ರ ಜೂನ್ 8ರಂದು ಹುಟ್ಟಿದ್ದು ಇದೇ ಮಣ್ಣಿನಲ್ಲಿ.

ಸುತ್ತಲೂ ಮೆಣಸಿನಕಾಯಿ ಸೀಮೆ. ಸುಗ್ಗಿಯ ದಿನಗಳಲ್ಲಿ ಬ್ಯಾಡಗಿ ಪೇಟೆಯ ಘಾಟು ಹೊಸಬರನ್ನು ಕೆಮ್ಮಿಸದೆ ಬಿಡುವುದಿಲ್ಲ. ಹಣ್ಣು ಮೆಣಸಿನಕಾಯಿ ಕುಟ್ಟಿ ಕೆಂಪು ಚಟ್ನಿ ಮಾಡುವ ಈ ಭಾಗದ ತಾಯಂದಿರಿಗೆ ಗೊತ್ತು: ಕಾಯಿ ಎಷ್ಟೇ ಚಲೋ ಇರಲಿ, ಉಪ್ಪು ಕಡಿಮೆ ಬಿದ್ದರೆ ಚಟ್ನಿ ನಿಲ್ಲುವುದಿಲ್ಲ. ಖಾರವನ್ನು ಹೊಲದಲ್ಲೇ ಬೆಳೆಯಬಹುದು. ಉಪ್ಪನ್ನು ಕೊಂಡೇ ತರಬೇಕು. ಕೊಂಡ ಉಪ್ಪಿನ ಬೆಲೆಯಲ್ಲಿ ಬ್ರಿಟಿಷ್ ಸರ್ಕಾರದ ಕರವೂ ಸೇರಿರುತ್ತಿತ್ತು. ಕೂಲಿಯವನ ರೊಟ್ಟಿಗೂ ಆ ಕರ ತಪ್ಪಿದ್ದಲ್ಲ.

ಈ ಉಪ್ಪಿನ ಕರದ ವಿರುದ್ಧ 1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟ ಗಾಂಧೀಜಿ ತಮ್ಮ ಜತೆಗೆ ಆರಿಸಿಕೊಂಡಿದ್ದ 78 ಮಂದಿಯಲ್ಲಿ ಏಕೈಕ ಕನ್ನಡಿಗ ಈ ಮಹಾದೇವಪ್ಪ. ವಯಸ್ಸು 18. ಇಪ್ಪತ್ತನಾಲ್ಕು ದಿನ, ಸುಮಾರು 385 ಕಿಲೋಮೀಟರ್ ನಡಿಗೆ, ಆಮೇಲೆ ಜೈಲು. ಅಹಮದಾಬಾದಿನ ಆ ದಾರಿಗೆ ನಮ್ಮ ಸೀಮೆಯ ಈ ಹುಡುಗ ಸೇರಿದನೆಂಬುದನ್ನು ನೆನೆದಾಗಲೆಲ್ಲ ನನಗೆ ಎದೆ ತುಂಬಿಬರುತ್ತದೆ. ಮರಳಿ ಬಂದವರು ಖಾದಿಯನ್ನೂ ಗ್ರಾಮಸೇವೆಯನ್ನೂ ಹಿಡಿದರು, ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. ಪತ್ನಿ ಸಿದ್ದಮ್ಮ ಕೂಡ ಚಳವಳಿಗಿಳಿದು ಸೆರೆಮನೆ ಕಂಡರು.

1942ರಲ್ಲಿ 'ಭಾರತ ಬಿಟ್ಟು ತೊಲಗಿ' ಕರೆ ಬಂತು. ಆಗ ಈ ಸೀಮೆಯ ಊರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವು. ಇಲ್ಲಿಯ ರೈತ ವೈಸ್‌ರಾಯನನ್ನು ಕಂಡವನಲ್ಲ. ಅವನ ಪಾಲಿಗೆ ಸರ್ಕಾರವೆಂದರೆ ಚಾವಡಿ, ಚಾವಡಿಯೆಂದರೆ ಕಂದಾಯ. ವರದಾ ನದಿ ದಂಡೆಯ ಹೊಸರಿತ್ತಿಯಲ್ಲಿ ವಸೂಲಾದ ಕಂದಾಯದ ಹಣವನ್ನು ಪೊಲೀಸ್ ಕಾವಲಿನಲ್ಲಿ ವೀರಭದ್ರ ದೇವಸ್ಥಾನದೊಳಗೆ ಇಟ್ಟಿದ್ದರು. 1943ರ ಏಪ್ರಿಲ್ 1ರಂದು ಮಹಾದೇವಪ್ಪ ಮತ್ತು ಸಂಗಡಿಗರು ಆ ಹಣವನ್ನು ವಶಪಡಿಸಿಕೊಳ್ಳಲು ನುಗ್ಗಿದರು. ಪೊಲೀಸರ ಗುಂಡಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಬಲಿಯಾದರು. ಮಹಾದೇವಪ್ಪನವರಿಗೆ ಇನ್ನೂ 32 ತುಂಬಿರಲಿಲ್ಲ.

ದಂಡಿಯ ಸತ್ಯಾಗ್ರಹಿ ಖಜಾನೆಗೆ ಕೈಹಾಕಬಹುದಿತ್ತೇ ಎಂಬ ಪ್ರಶ್ನೆ ಏಳುವುದು ಸಹಜ. ನನಗೆ ಅವೆರಡರ ನಡುವೆ ದಾರಿ ದೂರವಿದೆ ಅನ್ನಿಸುವುದಿಲ್ಲ. ಅಲ್ಲಿ ಉಪ್ಪಿನ ಕರ, ಇಲ್ಲಿ ನೆಲದ ಕರ. ತನ್ನ ಜನರ ಬೆವರು ಪರರ ಪೆಟ್ಟಿಗೆ ಸೇರುವುದನ್ನು ಅವರು ಎರಡು ಕಡೆಯೂ ತಡೆಯಲು ಹೋದರು. ಮೊದಲ ಸಲ ಸೆರೆಮನೆ ಸಿಕ್ಕಿತು, ಎರಡನೇ ಸಲ ಗುಂಡು.

ಹಾವೇರಿಯಲ್ಲಿ ಅವರ ನೆನಪಿನ ವೀರಸೌಧವಿದೆ. 2018ರಲ್ಲಿ ಮಹಾದೇವಪ್ಪನವರ ಅಂಚೆಚೀಟಿಯೂ ಬಂತು. ಬರಲೇಬೇಕಿತ್ತು. ಆದರೆ ಭಾಷಣಗಳಲ್ಲಿ ಉಳಿದಿಬ್ಬರು ಬಹಳ ಸಲ 'ಮತ್ತು ಸಂಗಡಿಗರು' ಆಗಿಬಿಡುತ್ತಾರೆ. ಒಬ್ಬರ ಅಡ್ಡಹೆಸರು ಮಡಿವಾಳರ, ಇನ್ನೊಬ್ಬರದು ಹಿರೇಮಠ. ಬಟ್ಟೆ ಒಗೆಯುವ ಕಾಯಕದ ಮನೆತನ, ಮಠದ ಮನೆತನ. ಆ ದಿನ ಒಂದೇ ಗುಡಿಯ ಮುಂದೆ ಜತೆಗೂಡಿ ಬಂದವರು. ಹೊಸರಿತ್ತಿಗೆ ಹೋದವರು ಮೂರೂ ಹೆಸರನ್ನು ಪೂರ್ತಿಯಾಗಿ ಹೇಳಿ ಬನ್ನಿ.